ಮೂರನೇ ಚಕ್ರಕ್ಕೆ ಎಷ್ಟು ಬ್ರೇಕು: ದೊಡ್ಡಪ್ಪನ ಕಿವಿಮಾತು

ಮಗ, ಹಳೇ ಬುಲೆಟ್ಟಿಗೆ ಸೈಡ್‌ಕಾರ್ ಕಟ್ಟಿಸ್ತಿದ್ದೀಯ ಅಂತ ನಿಮ್ಮಪ್ಪ ಹೇಳಿದ. ತೋಟದ ಕಾಯಿ, ಅಟ್ಟದ ಕೊಬ್ಬರಿ ಎಲ್ಲ ಅದರಲ್ಲೇ ತಿಪಟೂರಿಗೆ ಹಾಕಬೇಕು ಅಂತ ನಿನ್ನ ಲೆಕ್ಕ. ಫೋನಿನಲ್ಲಿ ಐಲ್ ಆಫ್ ಮ್ಯಾನ್ ರೇಸ್ ನೋಡಿ, ಬ್ರೇಕ್ ಮಾತ್ರ ಅವರ ಗಾಡಿ ಹಂಗೇ ಇರಬೇಕು ಅಂತ ಹಟ ಬೇರೆ. ಕಟ್ಟಿಸು, ಬೇಡ ಅನ್ನಲ್ಲ. ಮೊನ್ನೆವರೆಗೂ ಸ್ಕೂಟರಿಗೆ ಸೈಡ್‌ಕಾರ್ ಹಾಕಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡ್ತಿದ್ದ ಊರುಗಳೇ ಇವು. ಆ ಗಾಡಿಗಳ ಬ್ರೇಕು ಬಿಚ್ಚಿ ಕಟ್ಟಿದ ಕೈ ನಂದು. ವೆಲ್ಡಿಂಗ್ ಶಾಪಿನವನು ಚಾಸಿ ಚೆನ್ನಾಗೇ ಮಾಡಿಕೊಡ್ತಾನೆ, ಬ್ರೇಕಿನ ವಿಚಾರ ಅವನನ್ನು ಕೇಳಬೇಡ. ಕೆಳಗೆ ಬರೆದಿದ್ದೀನಿ, ಓದು.

• ಸೈಡ್‌ಕಾರ್ ಗಾಡಿಯಲ್ಲಿ ಬ್ರೇಕು ಬರೀ ನಿಲ್ಲಿಸಲ್ಲ, ತಿರುಗಿಸುತ್ತೆ ಕೂಡ. ನಮ್ಮ ಕಡೆ ಸೈಡ್‌ಕಾರಿನ ಡಬ್ಬ ಇರೋದು ಎಡಕ್ಕೆ. ಬುಲೆಟ್ಟಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್ ಇದ್ದು ಮೂರನೇದಕ್ಕೆ ಇಲ್ಲ ಅಂತಿಟ್ಟುಕೋ. ನೀನು ಪೆಡಲ್ ಒತ್ತಿದಾಗ ಬೈಕು ನಿಲ್ಲೋಕೆ ನೋಡುತ್ತೆ, ಕಾಯಿ ತುಂಬಿದ ಡಬ್ಬ ಮುಂದಕ್ಕೆ ನುಗ್ಗುತ್ತೆ. ಗಾಡಿಯ ಮೂತಿ ಬಲಕ್ಕೆ ತಿರುಗುತ್ತೆ. ಬಿ.ಎಚ್. ರಸ್ತೆಯಲ್ಲಿ ಬಲಕ್ಕೆ ಅಂದ್ರೆ ಅರಸೀಕೆರೆ ಕಡೆಯಿಂದ ಬರೋ ಲಾರಿಯ ಬಂಪರು. ಮೂರನೇ ಚಕ್ರಕ್ಕೆ ಬ್ರೇಕ್ ಜಾಸ್ತಿ ಆದರೆ ಉಲ್ಟಾ: ಗಾಡಿ ಎಡಕ್ಕೆ, ಅಂದ್ರೆ ಚರಂಡಿಗೆ ಎಳೆಯುತ್ತೆ. ಎಕ್ಸಿಲರೇಟರ್ ಕೊಟ್ಟಾಗಲೂ ಇದೇ ಆಟ. ಕೊಟ್ಟರೆ ಎಡಕ್ಕೆ, ಬಿಟ್ಟರೆ ಬಲಕ್ಕೆ. ಹೊಸಬರು ಇದನ್ನು ಹ್ಯಾಂಡಲ್ ದೋಷ ಅಂದುಕೊಂಡು ಹ್ಯಾಂಡಲ್ ಬೇರಿಂಗ್ ಬದಲಾಯಿಸಿ ದುಡ್ಡು ಕಳೀತಾರೆ.

• ನಿಂದು ಒಂದು ಗಾಡಿ ಅಲ್ಲ, ಎರಡು. ಬೆಳಗ್ಗೆ ಕಾಯಿ ಹೊತ್ತು ಮಂಡಿಗೆ ಹೋಗೋದು ಒಂದು, ಸಂಜೆ ಖಾಲಿ ಡಬ್ಬ ಅಲ್ಲಾಡಿಸಿಕೊಂಡು ಬರೋದು ಇನ್ನೊಂದು. ಬ್ರೇಕು ಮಾತ್ರ ಒಂದೇ. ರೇಸಿನವರಿಗೂ ಇದೇ ತಲೆನೋವು ಬೇರೆ ರೀತಿಯಲ್ಲಿದೆ. ಅವರ ಗಾಡಿಯಲ್ಲಿ ಭಾರ ಅಂದ್ರೆ ಪಕ್ಕದಲ್ಲಿ ನೇತಾಡೋ ಮನುಷ್ಯ. ಅವನು ಎಡ ತಿರುವಿಗೆ ಡಬ್ಬದಾಚೆ ವಾಲ್ತಾನೆ, ಬಲ ತಿರುವಿಗೆ ಹಿಂದಿನ ಚಕ್ರದ ಮೇಲೆ ಮಲಗ್ತಾನೆ. ನಿನ್ನ ಕಾಯಿ ಹಂಗೆಲ್ಲ ವಾಲಲ್ಲ. ಹಾಗಾಗಿ ಅವರ ಅಳತೆ ತಂದು ನಿನ್ನ ಗಾಡಿಗೆ ಹಾಕಿದರೆ ಪ್ರಯೋಜನ ಇಲ್ಲ. ಅವರು ಯೋಚನೆ ಮಾಡೋ ರೀತಿ ಕಲಿ, ಅಷ್ಟು ಸಾಕು.

• ಲೆಕ್ಕ ಶುರುವಾಗೋದು ತೂಕದಿಂದ. ಇಂಗ್ಲೆಂಡಿನಲ್ಲಿ ರೇಸಿನವನು ಇದಕ್ಕೆ ಅಂತಲೇ ತಕ್ಕಡಿ ಕೊಂಡ್ಕೋಬೇಕು. ನಮ್ಮ ಕಡೆ ಹೆಜ್ಜೆಗೊಂದು ಇದೆ. ಯಾವ ಕೊಬ್ಬರಿ ಅಂಗಡಿಗೆ ಹೋದರೂ ಮೂಟೆ ತೂಗೋ ಕಾಟಾ ಇರುತ್ತೆ. ಹರಾಜಿನ ದಿನ ಬಿಟ್ಟು ಬೇರೆ ದಿನ ಹೋಗು. ಒಂದು ಚಕ್ರ ಕಾಟಾ ಮೇಲೆ, ಉಳಿದೆರಡಕ್ಕೆ ಅದೇ ಎತ್ತರದ ಹಲಗೆ. ನೀನು ಸೀಟಿನ ಮೇಲೆ ಕೂತಿರಬೇಕು, ಬೇರೆಯವರು ಓದಬೇಕು. ಮೂರೂ ಚಕ್ರ ತೂಗು. ಮೊದಲು ಖಾಲಿ, ಆಮೇಲೆ ನೀನು ದಿನಾ ಹಾಕೋ ಲೋಡಿನಷ್ಟು ತುಂಬಿ.

ಉದಾಹರಣೆಗೆ ಖಾಲಿಯಲ್ಲಿ ಮುಂದೆ 130 ಕಿಲೋ, ಹಿಂದೆ 160, ಪಕ್ಕದ್ದು 60 ಬಂತು ಅನ್ನು. ಒಟ್ಟು 350ರಲ್ಲಿ ಪಕ್ಕದ ಚಕ್ರದ ಪಾಲು ನೂರಕ್ಕೆ 17. ಸುಲಿದ ಕಾಯಿ ಇನ್ನೂರು ಹಾಕಿದೆ. ಒಂದೊಂದು ಅರ್ಧ ಕಿಲೋ ಮೇಲೇ ತೂಗುತ್ತೆ, ನಮ್ಮ ತಿಪಟೂರು ಟಾಲ್ ಇನ್ನೂ ಸ್ವಲ್ಪ ಜಾಸ್ತಿ. 120 ಕಿಲೋ ಅಂತಿಟ್ಟುಕೋ. ಈಗ ಮುಂದೆ 140, ಹಿಂದೆ 190, ಪಕ್ಕ 140 ಆಯಿತು. ಪಾಲು ನೂರಕ್ಕೆ 30. ಪಕ್ಕದ ಚಕ್ರದ ಪಾಲು 17ರಿಂದ 30ಕ್ಕೆ ಹಾರಿತು, ನೋಡಿದೆಯಾ? ಗಾಡಿ ನೆಟ್ಟಗೆ ನಿಲ್ಲಬೇಕಾದರೆ ಆ ಚಕ್ರ ತನ್ನ ತೂಕದ ಪಾಲಿನಷ್ಟೇ ಬ್ರೇಕ್ ಹಿಡೀಬೇಕು. ನಿನ್ನ ಸಂಖ್ಯೆ ಬೇರೆ ಬರುತ್ತೆ. ಬರೆದಿಟ್ಟುಕೋ, ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಅಲ್ಲ, ಪುಸ್ತಕದಲ್ಲಿ.

• ಬ್ರೇಕ್ ಮುಟ್ಟೋಕೆ ಮುಂಚೆ ಗಾಡಿ ನೆಟ್ಟಗಿದೆಯಾ ನೋಡು. ಎರಡು ನೆಟ್ಟನೆ ಅಲ್ಯೂಮಿನಿಯಂ ಪೈಪು ತಗೊಂಡು, ಒಂದನ್ನು ಬೈಕಿನ ಎರಡು ಚಕ್ರಕ್ಕೆ, ಇನ್ನೊಂದನ್ನು ಪಕ್ಕದ ಚಕ್ರಕ್ಕೆ ಒತ್ತಿ ಹಿಡಿ. ಮುಂದುಗಡೆ ಎರಡರ ಅಂತರ ಹಿಂದಿಗಿಂತ 10ರಿಂದ 20 ಮಿಲಿಮೀಟರ್ ಕಮ್ಮಿ ಇರಬೇಕು. ಬೈಕು ಡಬ್ಬದಿಂದ ಆಚೆಗೆ, ಬಲಕ್ಕೆ, ಒಂದೆರಡು ಡಿಗ್ರಿ ವಾಲಿರಬೇಕು. ಪಕ್ಕದ ಚಕ್ರದ ಅಚ್ಚು ಹಿಂದಿನ ಚಕ್ರದ ಅಚ್ಚಿಗಿಂತ ಒಂದು ಗೇಣಿನಷ್ಟು ಮುಂದಿರಲಿ. ಇವು ತಪ್ಪಿದ್ದರೆ ಗಾಡಿ ಬ್ರೇಕ್ ಇಲ್ಲದೆಯೂ ಎಳೆಯುತ್ತೆ, ಆಮೇಲೆ ನೀನು ಬ್ರೇಕಿನ ನಟ್ಟು ತಿರುವಿಕೊಂಡು ಕೂರ್ತೀಯ. ಟೈರಿನ ಗಾಳಿ, ಚಕ್ರದ ಬೇರಿಂಗು, ಸೈಡ್‌ಕಾರ್ ಹಿಡಿದಿರೋ ಬೋಲ್ಟುಗಳು, ಇವನ್ನೂ ಅವತ್ತೇ ನೋಡಿಬಿಡು.

• ನಿನ್ನ ಬುಲೆಟ್ ಹಳೇದಾಗಿರೋದು ಒಳ್ಳೇದೇ ಆಯಿತು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಡಬ್ಬ ಎಡಕ್ಕೇ ಇರೋದರಿಂದ ಪೆಡಲಿಂದ ಪಕ್ಕದ ಚಕ್ರಕ್ಕೆ ದಾರಿ ಹತ್ತಿರ. ಮೈಸೂರಿನ ಜಾವಾ, ಯೆಜ್ಡಿಗಳಲ್ಲಿ ಬ್ರೇಕ್ ಬಲಗಾಲಿಗೆ, ಈಗಿನ ಬುಲೆಟ್ಟಲ್ಲೂ ಹಂಗೇ. ಅವುಕ್ಕೆ ಚಾಸಿ ಅಡಿಯಿಂದ ಅಡ್ಡ ಶಾಫ್ಟ್ ಹಾಕಿ ಎಡಕ್ಕೆ ತರಬೇಕಾಗುತ್ತೆ.

• ಈಗ ಮುಖ್ಯ ಕೆಲಸ, ಹಂಚೋ ಪಟ್ಟಿ. ಪೆಡಲಿನ ಎಳೆತವನ್ನು ಹಿಂದಿನ ಚಕ್ರಕ್ಕೂ ಪಕ್ಕದ ಚಕ್ರಕ್ಕೂ ಹಂಚೋಕೆ ಒಂದು ಅಡ್ಡ ಪಟ್ಟಿ ಬೇಕು. ನಿಮ್ಮ ತಾತ ಹಳ್ಳಿಕಾರ್ ಎತ್ತು ಕಟ್ಟುವಾಗ ನೊಗ ಹೆಂಗೆ ಹೂಡ್ತಿದ್ದರು ನೆನಪು ಮಾಡಿಕೋ. ಜೋಡಿಯಲ್ಲಿ ಒಂದು ಎತ್ತು ಬಲವಾಗಿ ಇನ್ನೊಂದು ಬಡವಾಗಿದ್ದರೆ ಮಿಣಿಯನ್ನು ನೊಗದ ನಡುವಿನಿಂದ ಬಲವಾದ ಎತ್ತಿನ ಕಡೆಗೆ ಸರಿಸ್ತಿದ್ದರು. ಹತ್ತಿರ ಇರೋದಕ್ಕೆ ಭಾರ ಜಾಸ್ತಿ, ದೂರ ಇರೋದಕ್ಕೆ ಕಮ್ಮಿ. ಇಲ್ಲೂ ಅದೇ ಲೆಕ್ಕ.

ಎರಡು ತುದಿಯ ತೂತಿನ ನಡುವೆ 120 ಮಿಲಿಮೀಟರ್ ಇರೋ ಹಂಗೆ ದಪ್ಪ ಉಕ್ಕಿನ ಪಟ್ಟಿ ಮಾಡಿಸು. ಒಂದು ತುದಿಗೆ ಹಿಂದಿನ ಚಕ್ರದ ರಾಡು, ಇನ್ನೊಂದಕ್ಕೆ ಪಕ್ಕದ ಚಕ್ರದ್ದು. ಪೆಡಲ್ ಎಳೆಯೋ ತೂತು ಸರಿಯಾಗಿ ನಡುವೆ ಇದ್ದರೆ ಎರಡಕ್ಕೂ ಸಮ. ಹಿಂದಿನ ಚಕ್ರದ ತುದಿಯಿಂದ 40 ಮಿಲಿಮೀಟರಿಗೆ ತೂತು ಹೊಡೆದರೆ ಹಿಂದಿನದಕ್ಕೆ ಎರಡು ಪಾಲು, ಪಕ್ಕದ್ದಕ್ಕೆ ಒಂದು. 30ಕ್ಕೆ ಹೊಡೆದರೆ ಮೂರಕ್ಕೊಂದು. 50ಕ್ಕೆ ಹೊಡೆದರೆ ಏಳಕ್ಕೈದು. ಮೂರೂ ತೂತು ಹೊಡೆಸಿಬಿಡು, ಡ್ರಿಲ್ಲಿಂಗ್ ಕೂಲಿ ಏನೂ ಜಾಸ್ತಿ ಆಗಲ್ಲ.

• ಆದರೆ ಪಟ್ಟಿಯ ಲೆಕ್ಕ ನೆಲದ ಲೆಕ್ಕ ಅಲ್ಲ. ಡಬ್ಬಕ್ಕೆ ಬುಲೆಟ್ಟಿನ ಚಕ್ರವನ್ನೇ ಹಾಕಿಸಿದರೆ ಸರಿ. ಗುಜರಿಯಲ್ಲಿ ಸಿಕ್ಕಿತು ಅಂತ ಚೇತಕ್ ಸ್ಕೂಟರಿನ ಚಕ್ರ ಹಬ್ ಸಮೇತ ಹಾಕಿಸ್ತೀಯ ಅನ್ನು. ಡ್ರಮ್ಮು ಎರಡೂ ಹೆಚ್ಚುಕಮ್ಮಿ 6 ಇಂಚೇ. ಚಕ್ರ ಮಾತ್ರ ಒಂದು 19 ಇಂಚಿನದು, ಇನ್ನೊಂದು 10 ಇಂಚಿನದು. ಟೈರು ಸೇರಿಸಿ ಅಚ್ಚಿನಿಂದ ನೆಲಕ್ಕೆ ಅಳೆದರೆ ದೊಡ್ಡದು 32 ಸೆಂಟಿಮೀಟರ್ ಆಸುಪಾಸು, ಚಿಕ್ಕದು 21 ಚಿಲ್ಲರೆ. ಚಕ್ರ ಚಿಕ್ಕದಾದಷ್ಟೂ ಅದೇ ಡ್ರಮ್ಮು ನೆಲದ ಮೇಲೆ ಜಾಸ್ತಿ ಹಿಡಿಯುತ್ತೆ, ಇಲ್ಲಿ ಒಂದೂವರೆ ಪಟ್ಟು. ಪಟ್ಟಿಯಲ್ಲಿ ಮೂರಕ್ಕೊಂದು ಇಟ್ಟರೆ ನೆಲದಲ್ಲಿ ಎರಡಕ್ಕೊಂದು ಆಗುತ್ತೆ. ಅದಕ್ಕೇ ಮೂರು ತೂತು ಅಂದಿದ್ದು.

• ಪಟ್ಟಿಗೆ ಎರಡೂ ಕಡೆ ತಡೆ ಇರಲೇಬೇಕು. ಇದನ್ನು ಬಿಟ್ಟವರ ಗಾಡಿ ನಾನು ಹತ್ತಲ್ಲ. ಪಕ್ಕದ ಚಕ್ರದ ಕೇಬಲ್ ಕಿತ್ತುಹೋಯಿತು ಅನ್ನು, ತಡೆ ಇಲ್ಲದ ಪಟ್ಟಿ ಆ ಕಡೆಗೆ ಪೂರ್ತಿ ತಿರುಗಿಬಿಡುತ್ತೆ, ಹಿಂದಿನ ಚಕ್ರಕ್ಕೂ ಎಳೆತ ಸಿಗಲ್ಲ. ಒಂದು ಕೇಬಲ್ ಹೋದರೆ ಎರಡು ಬ್ರೇಕ್ ಹೋದ ಹಂಗೆ. ಪಟ್ಟಿ ಸ್ವಲ್ಪ ವಾಲಿದ ಮೇಲೆ ತಾಗಿ ನಿಲ್ಲೋ ಹಂಗೆ ಅಕ್ಕಪಕ್ಕ ಎರಡು ಗಟ್ಟಿ ಗುಬಟು ವೆಲ್ಡ್ ಮಾಡಿಸು. ಮಾಡಿಸಿದ ಮೇಲೆ ನಿಂತ ಗಾಡಿಯಲ್ಲಿ ಒಂದು ಕಡೆಯ ಪಿನ್ನು ಬಿಚ್ಚಿ ಪೆಡಲ್ ಒತ್ತಿ ನೋಡು, ಇನ್ನೊಂದು ಚಕ್ರ ಹಿಡೀಬೇಕು. ಆಮೇಲೆ ಆ ಕಡೆಯದು ಬಿಚ್ಚಿ ನೋಡು. ಪಿನ್ನುಗಳಿಗೆಲ್ಲ ಸ್ಪ್ಲಿಟ್ ಪಿನ್ ಹಾಕು, ಬೈಂಡಿಂಗ್ ವೈರ್ ಸುತ್ತಿ ಬಿಡೋ ಚಾಳಿ ಬೇಡ.

• ಪಕ್ಕದ ಚಕ್ರಕ್ಕೆ ಕೇಬಲ್ಲಿಗಿಂತ ರಾಡೇ ವಾಸಿ. ಉದ್ದ ಕೇಬಲ್ ಹಾಕಿದರೆ ಹೊರಗಿನ ಔಟರ್ ಅದುಮಿಕೊಳ್ಳುತ್ತೆ, ಒಳಗಿನ ತಂತಿ ಹಿಗ್ಗುತ್ತೆ, ಕಾಲಿಗೆ ಸ್ಪಂಜು ತುಳಿದ ಹಂಗಿರುತ್ತೆ. ರಾಡು ಹಾಕಿದರೆ ಒಂದು ಎಚ್ಚರ: ಡಬ್ಬದ ಚಕ್ರ ಹಳ್ಳಕ್ಕೆ ಇಳಿದು ಏಳುವಾಗ ಅದರ ಆರ್ಮು ಕೀಲಿನ ಸುತ್ತ ಆಡುತ್ತೆ. ರಾಡಿನ ಮುಂದಿನ ತುದಿ ಆ ಕೀಲಿನ ಹತ್ತಿರವೇ ಇರಲಿ. ದೂರ ಇದ್ದರೆ ಪ್ರತಿ ಗುಂಡಿಗೂ ಬ್ರೇಕ್ ತಾನೇ ಹಿಡಿದು ಬಿಡ್ತಾ ಇರುತ್ತೆ. ತುರುವೇಕೆರೆಯಿಂದ ನಿಮ್ಮ ತೋಟದ ತನಕ ಬರೋದರೊಳಗೆ ಡ್ರಮ್ಮು ಕಾದು ಕೆಂಡ ಆಗಿರುತ್ತೆ.

• ಬ್ರೇಕ್ ಶೂ ಬಿಚ್ಚಿದಾಗ ಧೂಳನ್ನು ಬಾಯಲ್ಲಿ ಊದಬೇಡ, ಪಂಚರ್ ಅಂಗಡಿಯ ಏರ್ ಪೈಪೂ ಹಿಡೀಬೇಡ. ಹಳೇ ಲೈನರಿನಲ್ಲಿ ಕಲ್ನಾರು ಇರುತ್ತೆ, ಅದರ ಧೂಳು ಎದೆ ಸೇರಿದರೆ ಮತ್ತೆ ಆಚೆ ಬರಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಹೂತುಹಾಕು. ಡ್ರಮ್ಮಿನಲ್ಲಿ ಗೆರೆ ಬಿದ್ದಿದ್ದರೆ ಲೇತಿಗೆ ಹಾಕಿಸು. ಹಿಂದಿನದಕ್ಕೂ ಪಕ್ಕದ್ದಕ್ಕೂ ಒಂದೇ ಕಂಪನಿಯ ಲೈನರ್ ಹಾಕು, ಬೇರೆ ಬೇರೆ ಹಾಕಿದರೆ ಒಂದು ತಣ್ಣಗಿದ್ದಾಗ ಹಿಡಿಯುತ್ತೆ, ಇನ್ನೊಂದು ಕಾದ ಮೇಲೆ ಹಿಡಿಯುತ್ತೆ. ಪೆಡಲ್ ಒತ್ತಿ ಹಿಡಿದಾಗ ಹಬ್ಬಿನ ಲಿವರೂ ರಾಡೂ ಮೂಲೆಮಟ್ಟದ ಹಂಗೆ 90 ಡಿಗ್ರಿ ಆಸುಪಾಸು ನಿಲ್ಲಬೇಕು. ಲಿವರು ತುಂಬ ಮುಂದಕ್ಕೆ ಹೋಗಿ ಕೋನ ಹಾಳಾಗಿದ್ದರೆ ಲೈನರ್ ಸವೆದಿದೆ ಅಂತ. ಅಡ್ಜಸ್ಟರ್ ನಟ್ಟು ಎಷ್ಟು ತಿರುಗಿಸಿದರೂ ಆ ಬ್ರೇಕಿಗೆ ಜೀವ ಬರಲ್ಲ.

• ನಮ್ಮ ಸೀಮೆಯ ಎರಡು ಶತ್ರು: ನಾರು ಮತ್ತು ಎಣ್ಣೆ. ಕಾಯಿ ಸುಲಿದ ಮಟ್ಟೆಯ ನಾರು ಅಚ್ಚಿಗೆ, ಲಿವರಿನ ಸ್ಪ್ರಿಂಗಿಗೆ ಸುತ್ತಿಕೊಳ್ಳುತ್ತೆ. ವಾರಕ್ಕೊಂದು ಸಲ ಬಗ್ಗಿ ನೋಡಿ ಕೊಯ್ದು ತೆಗಿ. ಎಣ್ಣೆ ಇನ್ನೂ ಮೋಸ. ಕೊಬ್ಬರಿ ಮುಟ್ಟಿದ ಕೈಯಲ್ಲಿ ಶೂ ಮುಟ್ಟಿದರೆ ಲೈನರ್ ಎಣ್ಣೆ ಕುಡೀತು ಅಂತಲೇ, ಅದನ್ನು ಎಸೆಯೋದೇ ದಾರಿ. ಪೆಟ್ರೋಲಲ್ಲಿ ತೊಳೆದು ಉಜ್ಜಿ ಹಾಕ್ತೀನಿ ಅನ್ನೋರಿದ್ದಾರೆ, ಬಿಸಿ ಆದ ಮೇಲೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಇನ್ನು ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆ ಅಂತ ಕೇಬಲ್ಲಿಗೆ ಬಿಡ್ತಾರಲ್ಲ, ಅದೂ ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತೆ. ಸಂಕ್ರಾಂತಿ ಸಮಯದ ಬೆಳಗಿನ ಚಳಿಗೆ ಕೇಬಲ್ಲಿನೊಳಗೆ ಮೇಣ ಆಗಿ ಕೂರುತ್ತೆ, ಬ್ರೇಕ್ ಹಿಡಿದಿದ್ದು ಬಿಡಲ್ಲ. ಇಂಜಿನ್ ಆಯಿಲ್ ಎರಡು ಹನಿ ಸಾಕು. ಕ್ಯಾಮಿಗೆ ಗ್ರೀಸ್ ಕೂಡ ಬೆರಳಿನ ತುದಿಯಷ್ಟೇ.

• ಅಡ್ಜಸ್ಟ್ ಮಾಡೋ ಕ್ರಮ: ಮೂರೂ ಚಕ್ರ ಒಂದೊಂದಾಗಿ ಜಾಕಿ ಮೇಲೆ ಎತ್ತಿ ಕೈಯಲ್ಲಿ ತಿರುಗಿಸು. ಶೂ ಎಲ್ಲೂ ಉಜ್ಜಬಾರದು. ಹಿಂದಿನದನ್ನು ಮೊದಲು ಬಿಗಿ ಮಾಡಿ, ಉಜ್ಜೋಕೆ ಶುರುವಾದ ಮೇಲೆ ಸ್ವಲ್ಪ ಸಡಿಲಿಸು. ಪಕ್ಕದ್ದನ್ನೂ ಹಂಗೇ ಮಾಡು. ಪೆಡಲಿನ ತುದಿ ಒಂದು ಅಂಗುಲ ಇಳಿದ ಮೇಲೆ ಹಿಡಿಯೋಕೆ ಶುರುವಾಗಲಿ. ಈಗ ನಿನ್ನ ತಮ್ಮನಿಗೆ ಪೆಡಲ್ ಒತ್ತೋಕೆ ಹೇಳಿ ನೀನು ಕೆಳಗೆ ಮಲಗಿ ಪಟ್ಟಿ ನೋಡು. ಬ್ರೇಕ್ ಪೂರ್ತಿ ಹಿಡಿದಾಗ ಪಟ್ಟಿ ರಾಡಿಗೆ ಅಡ್ಡಲಾಗಿ ನೆಟ್ಟಗಿರಬೇಕು. ವಾಲಿ ತಡೆಗೆ ತಾಗಿದ್ದರೆ ಒಂದು ಕಡೆ ಸಡಿಲ ಜಾಸ್ತಿ. ಆಗ ತೂತಿನ ಲೆಕ್ಕ ಎಲ್ಲ ನೀರಲ್ಲಿ ಹೋಮ. ಲೈನರ್ ಸವೆದ ಹಂಗೆಲ್ಲ ಇದನ್ನು ಮತ್ತೆ ಮತ್ತೆ ನೋಡ್ತಿರಬೇಕು.

• ಯಾವ ತೂತಿಗೆ ಪಿನ್ ಹಾಕಬೇಕು ಅನ್ನೋದು ಇನ್ನು ನಿನ್ನ ತೀರ್ಮಾನ. ನಿಂಗೆ ಒಂದು ಬುದ್ಧಿವಂತಿಕೆ ಹೊಳೆದಿರುತ್ತೆ, ಹೋಗುವಾಗ ಲೋಡಿನ ತೂತು, ಬರುವಾಗ ಖಾಲಿ ತೂತು, ಮಂಡಿಯಲ್ಲಿ ಪಿನ್ ಬದಲಾಯಿಸಿಬಿಡೋಣ ಅಂತ. ಬೇಡ. ಮಂಡಿಯಲ್ಲಿ ದುಡ್ಡು ಎಣಿಸೋ ಗಡಿಬಿಡಿಯಲ್ಲಿ ಪಿನ್ನು ಯಾರಿಗೆ ನೆನಪಿರುತ್ತೆ? ಒಂದೇ ತೂತು ಇಟ್ಟುಕೋ, ಅದು ಯಾವ ಕಡೆ ತಪ್ಪಿದರೆ ನಿನಗೆ ಕಮ್ಮಿ ನೋವು ಅಂತ ಮೊದಲೇ ತೀರ್ಮಾನ ಮಾಡು.

ಲೋಡಿದ್ದಾಗ ನೆಟ್ಟಗೆ ನಿಲ್ಲೋ ಹಂಗೆ ಇಟ್ಟರೆ, ಖಾಲಿಯಲ್ಲಿ ಸ್ವಲ್ಪ ಎಡಕ್ಕೆ ಎಳೆಯುತ್ತೆ. ಖಾಲಿಗೆ ನೆಟ್ಟಗೆ ಇಟ್ಟರೆ, ಲೋಡಿನಲ್ಲಿ ಬಲಕ್ಕೆ ಎಳೆಯುತ್ತೆ, ಅದೂ ಗಾಡಿ ನಿಲ್ಲಿಸೋಕೆ ಅತಿ ಕಷ್ಟ ಇರೋ ಹೊತ್ತಿನಲ್ಲಿ. ಎಡಕ್ಕೆ ಎಳೆದರೆ ಚರಂಡಿ, ಬೇಲಿ. ಬಲಕ್ಕೆ ಎಳೆದರೆ ಎದುರು ಬರೋ ಬಸ್ಸು. ನಾನಾದರೆ ಲೋಡಿನ ಕಡೆಗೇ ವಾಲಿಸ್ತೀನಿ. ಜೊತೆಗೆ ಇನ್ನೊಂದು ಲಾಭ: ಮುಂದಿನ ಕೈ ಬ್ರೇಕು ಬೈಕಿನ ಗೆರೆಯಲ್ಲೇ ಇರೋದರಿಂದ ಅದನ್ನು ಹಿಡಿದಾಗಲೆಲ್ಲ ಗಾಡಿ ಬಲಕ್ಕೆ ಎಳೆಯುತ್ತೆ. ಪೆಡಲ್ ಒಂದೇ ಒತ್ತಿದಾಗ ಚೂರು ಎಡಕ್ಕೆ ಎಳೆಯೋ ಹಂಗಿದ್ದರೆ, ಕೈ ಕಾಲು ಎರಡೂ ಹಿಡಿದಾಗ ನೆಟ್ಟಗೆ ನಿಲ್ಲುತ್ತೆ. ಗಾಬರಿಯಲ್ಲಿ ಮನುಷ್ಯ ಎರಡೂ ಹಿಡಿಯೋದೇ ಸಹಜ. ಆ ಗಳಿಗೆಗೆ ಬ್ರೇಕ್ ಕೂರಿಸು. ಮಿತಿ ಒಂದೇ, ಖಾಲಿ ಡಬ್ಬದಲ್ಲಿ ಒಣ ಟಾರಿನ ಮೇಲೆ ಪಕ್ಕದ ಚಕ್ರ ಹಿಂದಿನದಕ್ಕಿಂತ ಮೊದಲು ಕಚ್ಚಿ ನಿಲ್ಲಬಾರದು. ನಿಂತರೆ ಪಿನ್ನನ್ನು ಹಿಂದಿನ ಚಕ್ರದ ತುದಿ ಕಡೆಗೆ ಒಂದು ತೂತು ಸರಿಸು.

• ಖಾಲಿ ಅನ್ನೋದನ್ನೇ ತಪ್ಪಿಸಿಕೊಂಡರೆ ಅರ್ಧ ತೊಂದರೆ ಕಮ್ಮಿ. ಬರುವಾಗ ಹಸುವಿಗೆ ಬೂಸಾನೋ ಹಿಂಡಿಯೋ ಹೆಂಗೂ ಬೇಕು, ಒಂದು ಮೂಟೆ ಹಾಕಿಕೊಂಡು ಬಾ. ಏನೂ ಇಲ್ಲದ ದಿನಕ್ಕೆ ಮರಳಿನ ಚೀಲ ಒಂದು ಡಬ್ಬದ ನೆಲಕ್ಕೆ ಬಿಗಿದು ಕಟ್ಟಿರು. ಜಾಗ ಮುಖ್ಯ, ಪಕ್ಕದ ಚಕ್ರದ ಅಚ್ಚಿಗೆ ಸಮಕ್ಕೆ, ಹೊರ ಅಂಚಿನ ಕಡೆಗೆ.

• ರೇಸಿನಲ್ಲಿ ಈ ಭಾರದ ಆಟ ಎಷ್ಟು ಹಳೇದು ಅಂತ ಹೇಳಿಬಿಡ್ತೀನಿ, ನಿನಗೆ ಖುಷಿ ಆಗುತ್ತೆ. ಐಲ್ ಆಫ್ ಮ್ಯಾನ್ ಟಿಟಿಯಲ್ಲಿ ಸೈಡ್‌ಕಾರ್ ರೇಸ್ ಶುರುವಾಗಿದ್ದು 1923ರಲ್ಲಿ. ಆ ವರ್ಷ ಗೆದ್ದ ಫ್ರೆಡ್ಡಿ ಡಿಕ್ಸನ್‌ನ ಡಗ್ಲಸ್ ಗಾಡಿಯಲ್ಲಿ ಪಕ್ಕದವನು ಲಿವರ್ ಎಳೆದು ಸೈಡ್‌ಕಾರನ್ನೇ ವಾಲಿಸ್ತಿದ್ದ. 1949ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಮೊದಲ ಪಟ್ಟ ನಾರ್ಟನ್ ಓಡಿಸಿದ ಎರಿಕ್ ಆಲಿವರನಿಗೆ. ಅವನ ಪಕ್ಕದಲ್ಲಿ ಜೋತುಬಿದ್ದಿದ್ದವನು ಡೆನಿಸ್ ಜೆಂಕಿನ್‌ಸನ್ ಅನ್ನೋ ಪತ್ರಕರ್ತ. ಅವನೇ 1955ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾದಲ್ಲಿ ಸ್ಟರ್ಲಿಂಗ್ ಮಾಸ್‌ಗೆ ದಾರಿ ಹೇಳಿ ಗೆಲ್ಲಿಸಿದ್ದು. ಈಗಿನ ರೇಸ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮೂರೂ ಚಕ್ರಕ್ಕೆ ಡಿಸ್ಕು, ಒಂದೇ ಪೆಡಲು. ಟಿಟಿ ಸುತ್ತು ಒಂದಕ್ಕೆ 60 ಕಿಲೋಮೀಟರ್ ಮೇಲಿದೆ, 2023ರಲ್ಲಿ ಬರ್ಚಲ್ ಅಣ್ಣತಮ್ಮಂದಿರು ಅದನ್ನು ಗಂಟೆಗೆ 120 ಮೈಲಿ ಸರಾಸರಿ ದಾಟಿ ಮುಗಿಸಿದರು. ಆ ರಸ್ತೆ ಅವತ್ತು ಬಂದ್ ಆಗಿರುತ್ತೆ ಕಣೋ, ಎದುರಿಗೆ ಕೆ.ಬಿ. ಕ್ರಾಸಿನ ಬಸ್ಸು ಬರಲ್ಲ.

• ಡಿಸ್ಕು, ಆಯಿಲ್ ಬ್ರೇಕು ಹಾಕಿಸ್ತೀನಿ ಅಂದರೆ ದುಡ್ಡು ನಿಂದು. ಒಂದು ಗೊತ್ತಿರಲಿ, ಒಂದೇ ಮಾಸ್ಟರ್ ಸಿಲಿಂಡರಿಂದ ಎರಡು ಚಕ್ರಕ್ಕೆ ಪೈಪ್ ಎಳೆದರೆ ಎರಡಕ್ಕೂ ಒತ್ತಡ ಸಮ. ಹಂಚಿಕೆ ಬದಲಾಗಬೇಕಾದರೆ ಕ್ಯಾಲಿಪರಿನ ಪಿಸ್ಟನ್ ಅಳತೆನೋ ಡಿಸ್ಕಿನ ಅಳತೆನೋ ಬದಲಾಗಬೇಕು, ಇಲ್ಲವೇ ಎರಡು ಮಾಸ್ಟರ್ ಸಿಲಿಂಡರ್ ಇಟ್ಟು ನಡುವೆ ಅದೇ ಅಡ್ಡ ಪಟ್ಟಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕಾಯಿ ಗಾಡಿಗೆ ಡ್ರಮ್ಮೇ ಸಾಕು ಅನ್ನೋದು ನನ್ನ ಮಾತು.

• ಪರೀಕ್ಷೆ ಮಾಡೋಕೆ ಬಿ.ಎಚ್. ರಸ್ತೆಗೆ ಇಳಿಯಬೇಡ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳ ಸಿಕ್ಕರೆ ಮೊದಲು ಅಲ್ಲಿ, ಗಂಟೆಗೆ 20 ಕಿಲೋಮೀಟರಿನಲ್ಲಿ. ಹ್ಯಾಂಡಲ್ ಹಗುರಾಗಿ ಹಿಡಿದು ಪೆಡಲ್ ಒತ್ತು, ಯಾವ ಕಡೆ ಹೋಗುತ್ತೆ ನೋಡು. ಆಮೇಲೆ ಹಳ್ಳಿಯ ಕಡೆಯ ನೆಟ್ಟನೆಯ ಟಾರು ರಸ್ತೆ, ಬೆಳಗಿನ ಹೊತ್ತು, ಮೊದಲು 30, ಆಮೇಲೆ 40. ಖಾಲಿ ಒಂದು ಸಲ, ಲೋಡು ಹಾಕಿ ಒಂದು ಸಲ. ಪೆಡಲ್ ಒಂದೇ, ಕೈ ಒಂದೇ, ಎರಡೂ ಸೇರಿ, ಬೇರೆ ಬೇರೆಯಾಗಿ ನೋಡು. ಹಿಂದಿನಿಂದ ಇನ್ನೊಬ್ಬ ಬೈಕಿನಲ್ಲಿ ಬಂದು ಯಾವ ಚಕ್ರ ಮೊದಲು ಕಚ್ಚಿತು ಅಂತ ಹೇಳಬೇಕು, ಓಡಿಸೋನಿಗೆ ಅದು ಗೊತ್ತಾಗಲ್ಲ. ಹತ್ತಾರು ಸಲ ನಿಲ್ಲಿಸಿ ಹೊರಟ ಮೇಲೆ ಎರಡೂ ಡ್ರಮ್ಮಿಗೆ ನೀರು ಚಿಮುಕಿಸಿ ನೋಡು. ಒಂದು ಚುರ್ ಅಂದು ಇನ್ನೊಂದು ಸುಮ್ಮನಿದ್ದರೆ ಕೆಲಸ ಒಂದೇ ಚಕ್ರ ಮಾಡ್ತಿದೆ ಅಂತ.

• ಪಕ್ಕದ ಚಕ್ರ ಓಡೋ ಜಾಗ ರಸ್ತೆಯ ಅಂಚು. ನಮ್ಮ ರಸ್ತೆಗಳ ಅಂಚಿನಲ್ಲಿ ಮಣ್ಣು, ಜಲ್ಲಿ, ಬಿದ್ದ ಗರಿ, ಮಟ್ಟೆ ಚೂರು. ಸುಗ್ಗಿಯಲ್ಲಿ ಹುರುಳಿ, ರಾಗಿ ರಸ್ತೆಗೇ ಹರಡಿರ್ತಾರೆ. ಅಲ್ಲಿ ಆ ಚಕ್ರಕ್ಕೆ ಹಿಡಿತವೇ ಇರಲ್ಲ, ನೀನು ಎಷ್ಟೇ ಚೆನ್ನಾಗಿ ಹೊಂದಿಸಿದ್ದರೂ ಗಾಡಿ ಬಲಕ್ಕೆ ತಿರುಗುತ್ತೆ. ಹುರುಳಿ ಹಾಸು ದೂರದಿಂದ ಕಂಡ ತಕ್ಷಣವೇ ವೇಗ ಇಳಿಸು, ಅದರ ಮೇಲೆ ಬ್ರೇಕ್ ಮುಟ್ಟಬೇಡ. ಸೈಲೆನ್ಸರಿಗೆ ಬಳ್ಳಿ ಸಿಕ್ಕಿಕೊಂಡಿದ್ದರೆ ನಿಲ್ಲಿಸಿ ಕಿತ್ತುಹಾಕು, ಬೆಂಕಿ ಹತ್ತುತ್ತೆ.

• ತಿರುವಿನೊಳಗೆ ಬ್ರೇಕ್ ಬೇಡ, ತಿರುವಿಗೆ ಮುಂಚೆ ಮುಗಿಸು. ಎಡ ತಿರುವಿನಲ್ಲಿ ಡಬ್ಬ ಹಗುರಾಗಿ ಮೇಲೇಳುತ್ತೆ, ಆ ಚಕ್ರದ ಬ್ರೇಕು ಇದ್ದೂ ಇಲ್ಲದ ಹಂಗೆ. ಬಲ ತಿರುವಿನಲ್ಲಿ ಭಾರ ಎಲ್ಲ ಮುಂದಿನ ಚಕ್ರಕ್ಕೂ ಡಬ್ಬದ ಚಕ್ರಕ್ಕೂ ಬಂದು ಹಿಂದಿನದು ಎದ್ದು ನಿಲ್ಲುತ್ತೆ, ಗಟ್ಟಿಯಾಗಿ ಹಿಡಿದರೆ ಗಾಡಿ ಎಡ ಮುಂದಕ್ಕೆ ಮಗುಚುತ್ತೆ. ಮದಲಿಂಗನ ಕಣಿವೆ ಕಡೆ ಇಳಿಜಾರು ಬಂದರೆ ಗೇರು ಇಳಿಸಿ ಇಂಜಿನ್ ಮೇಲೆ ಇಳಿ.

• ಮೂಟೆ ಕಟ್ಟದೆ ಹೊರಡಬೇಡ. ಬ್ರೇಕ್ ಹಿಡಿದಾಗ ಮೂಟೆ ಮುಂದಕ್ಕೆ ಜಾರಿದರೆ ಕಾಟಾದ ಮೇಲೆ ತೂಗಿದ ಲೆಕ್ಕ ಅಲ್ಲೇ ಕೆಟ್ಟಿತು. ಬಿಡಿ ಕಾಯಿ ಸುರಿಯೋದಂತೂ ಬೇಡವೇ ಬೇಡ, ಚೀಲಕ್ಕೆ ತುಂಬಿ ಬಾಯಿ ಕಟ್ಟು.

• ಮಳೆಯಲ್ಲಿ ಹಳ್ಳ ದಾಟಿದ ಮೇಲೆ ಡ್ರಮ್ಮುಗಳು ಒಂದೇ ಸಲ ಒಣಗಲ್ಲ. ಡಬ್ಬಕ್ಕೆ ಚಿಕ್ಕ ಚಕ್ರ ಹಾಕಿದ್ದರೆ ಅದರ ಡ್ರಮ್ಮು ಕೆಳಗಿರುತ್ತೆ, ನೀರು ಜಾಸ್ತಿ ಕುಡಿದಿರುತ್ತೆ. ಮೆಲ್ಲಗೆ ಹೋಗ್ತಾ ಪೆಡಲನ್ನು ಚೂರೇ ಒತ್ತಿಕೊಂಡು ಸ್ವಲ್ಪ ದೂರ ಎಳಿ, ಎರಡೂ ಹಿಡಿಯೋಕೆ ಶುರುವಾದ ಮೇಲೆ ವೇಗ ಕೊಡು.

• ಕಾಗದ ಪತ್ರ. ಮೋಟಾರು ವಾಹನ ಕಾಯ್ದೆ 1988ರ ವ್ಯಾಖ್ಯೆಯಲ್ಲೇ ಮೋಟಾರ್ ಸೈಕಲ್ ಅಂದ್ರೆ ಕಳಚಬಹುದಾದ ಸೈಡ್‌ಕಾರೂ ಅದರ ಚಕ್ರವೂ ಸೇರಿದೆ. ಹಾಗಂತ ಮನಸ್ಸಿಗೆ ಬಂದ ಹಂಗೆ ಕಟ್ಟಿಸಿಕೊಳ್ಳೋಕೆ ಆಗಲ್ಲ, ಗಾಡಿಯ ರಚನೆ ಬದಲಾಯಿಸೋಕೆ 52ನೇ ಕಲಮಿನ ತಡೆ ಇದೆ. ವೆಲ್ಡಿಂಗಿಗೆ ಮುಂಗಡ ಕೊಡೋಕೆ ಮುಂಚೆ ತಿಪಟೂರಿನ ಸಾರಿಗೆ ಕಚೇರಿಗೆ ಹೋಗಿ, ಆರ್‌ಸಿಯಲ್ಲಿ ಸೇರಿಸಿಕೊಡ್ತಾರಾ, ಏನೇನು ಕೇಳ್ತಾರೆ ಅಂತ ತಿಳಕೋ. ಇನ್ಶೂರೆನ್ಸಿನವರಿಗೂ ಹೇಳು. ಕಾಗದ ಇಲ್ಲದ ಗಾಡಿ ಯಾರಿಗಾದರೂ ತಾಗಿದರೆ ನಿಮ್ಮಪ್ಪನ ತೋಟದ ಮೇಲೆ ಬರುತ್ತೆ.

• ಕಾಟಾದ ಮೇಲೆ ತೂಗಿ ಮೂರು ಮೂರು ಆರು ಸಂಖ್ಯೆ ಬರೆದುಕೊಂಡು ಭಾನುವಾರ ಬಾ, ತೂತು ಎಲ್ಲಿಗೆ ಅಂತ ಗುರುತು ಹಾಕಿಕೊಡ್ತೀನಿ. ಬರುವಾಗ ಡಬ್ಬಕ್ಕೆ ಹಾಕೋ ಚಕ್ರ ಹಬ್ ಸಮೇತ ತಾ. ಹಳೇ ಶೂಗಳನ್ನೂ ಎಸೆಯದೆ ತಾ, ಸವೆದಿರೋ ಗುರುತು ನೋಡಿದರೆ ಡ್ರಮ್ಮು ಸೊಟ್ಟಗಿದೆಯಾ ಅನ್ನೋದು ಗೊತ್ತಾಗುತ್ತೆ.